ಕಂಪ್ಯೂಟರಿನ ತೂಬು, ಚಿಕ್ಕಸ್ವಾಮಣ್ಣನ ಮೊಣಕಾಲು

ಪಾಲಹಳ್ಳಿಯ ನೀರುಗಂಟಿ ಚಿಕ್ಕಸ್ವಾಮಣ್ಣನಿಗೆ ಈಗ ಕೆಲಸ ಕಡಿಮೆ. ಕಾಲುವೆಯ ತೂಬಿನ ಬಾಗಿಲನ್ನು ದೂರದ ಕಚೇರಿಯ ಕಂಪ್ಯೂಟರೇ ತೆರೆದು ಮುಚ್ಚುತ್ತದೆ. ಇವರು ತೂಬಿನ ಫೋಟೊ ತೆಗೆದು ಕಳಿಸಿದರಾಯಿತು. ಆದರೂ ನೀರು ಬಿಟ್ಟಾಗಲೆಲ್ಲ ಕಾಲುವೆಗಿಳಿದು, ಅದು ಮೊಣಕಾಲಿಗೆ ಎಲ್ಲಿಯವರೆಗೆ ಬಂತೆಂದು ನೋಡಿ, ಆಮೇಲೆ ಫೋನಿನಲ್ಲಿ ಬಂದ ನೀರಿನ ಮಟ್ಟದ ಅಂಕಿ ಓದಿ, "ಪರ್ವಾಗಿಲ್ಲ ಕಣ್ಲಾ, ಇವತ್ತು ಸರ್ಯಾಗ್ ಹೇಳಿದ್ದೀಯ" ಎಂದು ಫೋನಿನ ಬೆನ್ನು ತಟ್ಟುತ್ತಾರೆ. ನೆಟ್‌ವರ್ಕ್ ಬಂದರೆ ಗಂಜಾಮಿನ ನಿಮಿಷಾಂಬೆಯ ಕೃಪೆ, ಹೋದರೆ ಕಂಪನಿಯ ತಪ್ಪು. ಆ ಕಚೇರಿಯ ಎಂಜಿನಿಯರ್ ತನುಶ್ರೀ ಬಂದಾಗ, "ನನ್ ಮೊಣಕಾಲ್ನೂ ಸರ್ವರ್‌ಗೆ ಸೇರುಸ್ಬುಡಿ ಮೇಡಂ" ಎಂದು ಬಾಯಲ್ಲೇ ಅರ್ಜಿ ಕೊಟ್ಟಿದ್ದಾರೆ. ಮಂಗಳವಾರ ಈ ಕಾಲುವೆಗೆ ನೀರಿನ ಸರದಿ. ಕಂಪ್ಯೂಟರು ಬೆಳಿಗ್ಗೆ ಹತ್ತಕ್ಕೆ ಬಾಗಿಲು ಇಳಿಸಿ ನೀರು ನಿಲ್ಲಿಸುತ್ತದೆ. ಇನ್ನೊಂದು ಗಂಟೆ ಹರಿಯದಿದ್ದರೆ ಕಾಲುವೆಯ ಕೊನೆಯಲ್ಲಿರುವ ಪುಟ್ಟತಾಯಮ್ಮನ ಗದ್ದೆಗೆ ನೀರು ಮುಟ್ಟುವುದಿಲ್ಲ, ಪೈರು ಒಣಗುತ್ತದೆ. ಹಾಗಾಗಿ ಪ್ರತಿ ಮಂಗಳವಾರ ಹತ್ತಕ್ಕೆ ಸರಿಯಾಗಿ ಬಾಗಿಲಿನಡಿ ಮರದ ತುಂಡೊಂದು ಸಿಕ್ಕಿಕೊಳ್ಳುತ್ತದೆ. ಚಿಕ್ಕಸ್ವಾಮಣ್ಣ ಅದರ ಫೋಟೊ ಕಳಿಸಿ, ಹನ್ನೊಂದಕ್ಕೆ ತಾವೇ ತೆಗೆಯುತ್ತಾರೆ. ಮೊನ್ನೆ ತನುಶ್ರೀ ಫೋನು ಮಾಡಿ, "ನಾಲ್ಕು ವಾರದಿಂದ ಅದೇ ತುಂಡಲ್ವಾ? ಇನ್ನೆಷ್ಟು ವಾರ ಸಿಕ್ಕೊಳ್ಳುತ್ತೆ?" ಎಂದು ಕೇಳಿದರು. ಚಿಕ್ಕಸ್ವಾಮಣ್ಣ ಗದ್ದೆಯ ಕಡೆ ನೋಡಿ ಲೆಕ್ಕ ಹಾಕಿ ಹೇಳಿದರು: "ಪುಟ್ಟತಾಯಮ್ಮನ ಬತ್ತದ್ ಕಾಳ್ಗೆ ಹಾಲು ತುಂಬೋಗಂಟ ಸಿಕ್ಕೋತದೆ ಮೇಡಂ."