ಹನ್ನೆರಡು ಗ್ರಾಂ ಇದ್ದಿಲಿಗೆ ಬೇಕಾದ ಗಾಳಿ

ಹಿಂದೂಪುರದ ಜೂನಿಯರ್ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ದಿನಗಳು. ತಂಗಿ ಚೊಚ್ಚಲ ಹೆರಿಗೆಗೆಂದು ಕಲ್ಯಾಣದುರ್ಗದ ನಮ್ಮ ಮನೆಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿ ಹನ್ನೆರಡು ದಿನವಾದಾಗ, ಒಂದು ಭಾನುವಾರ, ನೋಡಲು ಹೋದೆ.

ಚಳಿಗಾಲ. ಬಾಣಂತಿ ಕೋಣೆಯ ಒಂದೇ ಕಿಟಕಿಗೆ ಅಮ್ಮ ಗೋಣಿಚೀಲ ಹೊಡೆದಿದ್ದಳು. ಮಂಚದ ಕೆಳಗೆ ಕಬ್ಬಿಣದ ಬಾಂಡ್ಲಿಯಲ್ಲಿ ಇದ್ದಿಲ ಕೆಂಡ.

"ಅಕ್ಕ, ತಲೆ ಸಿಡೀತೈತೆ. ಬಾಗ್ಲು ವಸಿ ತೆಗಿ" ಎಂದಳು ತಂಗಿ.

ತೆಗೆದೆ. ಅಮ್ಮ ಬಂದು ಮತ್ತೆ ಮುಚ್ಚಿದಳು.

"ಕೆಂಡ ಇಟ್ಟು ಬಾಗ್ಲು ಹಾಕ್ಬಾರ್ದು ಕಣಮ್ಮ" ಎಂದೆ.

"ಗಾಳಿ ಸೋಕಿದ್ರೆ ಸನ್ನಿ ಆಯ್ತದೆ. ಹೆತ್ತೋಳಲ್ಲ, ಹೊತ್ತೋಳಲ್ಲ, ನಿನ್ಗೇನ್ ಗೊತ್ತು?"

ಮದುವೆಯಾಗಿ ಆರು ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ಆ ಮಾತು ನಾಟಿತು. ಮುನಿಸಿಕೊಂಡು ಸುಮ್ಮನಾದೆ. ಮರುದಿನ ಬೆಳಗಿನ ಬಸ್ಸಿಗೆ ಹೊರಟುಬಿಟ್ಟೆ.

ಬುಧವಾರ ತರಗತಿಯಲ್ಲಿ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಿದ್ದೆ. ಹನ್ನೆರಡು ಗ್ರಾಂ ಇದ್ದಿಲು ಪೂರ್ತಿ ಉರಿಯಲು ಮೂವತ್ತೆರಡು ಗ್ರಾಂ ಆಮ್ಲಜನಕ ಬೇಕು. ಹದಿನಾರೇ ಗ್ರಾಂ ಸಿಕ್ಕರೆ? ಇಪ್ಪತ್ತೆಂಟು ಗ್ರಾಂ ಬೇರೆಯೇ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದವರನ್ನು ಕೊಲ್ಲುತ್ತದೆ. ಇದನ್ನೆಲ್ಲ ತೆಲುಗಿನಲ್ಲಿ ನಿಧಾನವಾಗಿ ವಿವರಿಸುತ್ತಿದ್ದಾಗ ಅಟೆಂಡರ್ ಬಾಗಿಲಿಗೆ ಬಂದ. ಊರಿಂದ ಫೋನು.

ಆ ಬೆಳಿಗ್ಗೆ ಅಮ್ಮ ಮಗುವಿಗೆ ನೀರು ಹಾಕಿ, ಎಳೆಬಿಸಿಲಿನಲ್ಲಿ ಮಲಗಿಸಿಕೊಂಡು ಅಂಗಳದಲ್ಲೇ ಕೂತಿದ್ದಳಂತೆ. ಹಾಲು ಕುಡಿಸಲೆಂದು ಒಳಗೆ ಎತ್ತಿಕೊಂಡು ಬಂದಾಗ ತಂಗಿ ಏಳಲಿಲ್ಲ.

ನಾನು ತಲುಪುವ ಹೊತ್ತಿಗೆ ಅವಳನ್ನು ಆಸ್ಪತ್ರೆಯಿಂದ ವಾಪಸು ತರುವ ಸಿದ್ಧತೆ ನಡೆದಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಕೋಣೆಯಲ್ಲಿ ಕೆಂಡ ಇತ್ತಾ?" ಎಂದಷ್ಟೇ ಕೇಳಿದರು. ಮುಂದಿನದನ್ನು ಅವರು ನನಗೆ ಹೇಳಬೇಕಾಗಿರಲಿಲ್ಲ. ಮೂರು ದಿನ ಮೊದಲು ನಾನೇ ಹೇಳಬೇಕಾಗಿತ್ತು. ಜಗಳವಾಡಿಯಾದರೂ, ಬಾಂಡ್ಲಿಯನ್ನು ಬೀದಿಗೆ ಎಸೆದಾದರೂ.

ತಿಥಿ ಮುಗಿದ ಮಧ್ಯಾಹ್ನ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಮೆಲ್ಲಗೆ ಕೇಳಿದಳು:

"ಅವತ್ತು ಮಗೀನ ಎತ್ಕೊಂಡು ಆಚೆ ಬರೋವಾಗ ಬಾಗ್ಲು ಸರ್ಯಾಗಿ ಹಾಕ್ಲಿಲ್ವೇನೋ. ಗಾಳಿ ಹೊಕ್ಬುಡ್ತಾ? ನಾನೇ ಕೊಂದ್ಬುಟ್ನಾ?"

ಅವಳ ಮುಖ ನೋಡಿದೆ.

"ಇಲ್ಲಮ್ಮ. ಒಳಕ್ಕೆ ಗಾಳಿ ಹೋಗಿರ್ಲಿಲ್ಲ."

"ನಿಜಾನಾ?"

"ನಿಜ ಕಣಮ್ಮ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಟಲಿಯ ಹಾಲನ್ನು ಮಗುವಿನ ಬಾಯಿಗಿಟ್ಟಳು. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಉಳಿದದ್ದನ್ನು ಅವಳು ಬದುಕಿದ್ದಷ್ಟು ದಿನವೂ ಹೇಳಲಿಲ್ಲ.