ಪುಡಿ ತಾಕದ ಕಣ್ಣು

ಮೇಟಗಳ್ಳಿಯ ಬಸವಮ್ಮ ಮೂವತ್ತು ವರ್ಷ ಊದಿನಕಡ್ಡಿ ಹೊಸೆದವಳು. ಮಣೆಯ ಮೇಲೆ ಇದ್ದಿಲಪುಡಿ ಕಲಸಿದ ಕಪ್ಪು ಹಿಟ್ಟನ್ನಿಟ್ಟು ಕಡ್ಡಿಯನ್ನು ಅಂಗೈಯಲ್ಲಿ ಒಮ್ಮೆ ಉರುಳಿಸಿದಳೆಂದರೆ, ಬುಡದಿಂದ ತುದಿಯವರೆಗೆ ಒಂದೇ ದಪ್ಪ. ಆ ಬೀದಿಯಲ್ಲಿ ಮನೆಗೊಂದು ಮಣೆಯಿತ್ತು. ಇದ್ದಿಲಪುಡಿಗೆ ಎಲ್ಲರ ಕಣ್ಣೂ ಉರಿಯುತ್ತಿತ್ತು. ಆದ್ದರಿಂದ ಅವಳ ತಾಯಿಯ ಕಣ್ಣು ಬರಬರುತ್ತ ಮಂಜಾದಾಗ ಅದೊಂದು ಕಾಯಿಲೆಯೆಂದು ಯಾರಿಗೂ ಅನ್ನಿಸಲಿಲ್ಲ. "ಪುಡಿ ಕಣ್ಣು ತಿಂದ್ಬುಡ್ತದೆ ಕಣಮ್ಮ" ಎಂದರು ನೆರೆಯವರು.

ತನ್ನ ಕಣ್ಣಿಗೂ ಮಬ್ಬು ಕವಿಯತೊಡಗಿದಾಗ, ಬಸವಮ್ಮ ಎಂಟು ವರ್ಷದ ಮಗಳು ಧರಣಿಯನ್ನು ಯಾದವಗಿರಿಯಲ್ಲಿದ್ದ ನಾದಿನಿ ಕಮಲಳ ಬಳಿಗೆ ಕಳುಹಿಸಿದಳು. ಕಮಲ ಬಂಗಲೆಯೊಂದರಲ್ಲಿ ಅಡುಗೆಯವಳು; ಹಿತ್ತಲ ಕೋಣೆಯಲ್ಲಿ ವಾಸ. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ಅತ್ತಳು. "ಅಲ್ಲಿ ಸ್ಕೂಲು ಚೆನ್ನಾಗದೆ" ಎನ್ನುತ್ತ ತಾಯಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಗ ಅಮರ್ ಮಾತ್ರ ಮನೆಯಲ್ಲೇ ಉಳಿದು ಮಣೆಯ ಮುಂದೆ ಕುಳಿತ. ಒಬ್ಬಳ ಕೈಯಿಂದ ಸಂಸಾರ ಸಾಗುತ್ತಿರಲಿಲ್ಲ. ಮಗನನ್ನು ಪುಡಿಗೆ ಬಿಟ್ಟು ಮಗಳ ಕಣ್ಣು ಉಳಿಸಿದೆನೆಂದು ಬಾಯಿಬಿಟ್ಟು ಹೇಳುವುದು ಅವಳಿಂದಾಗಲಿಲ್ಲ. ಹನ್ನೊಂದು ವರ್ಷ ಕಳೆಯಿತು. ಹಬ್ಬಕ್ಕೆ ಬಂದರೂ ಧರಣಿಯನ್ನು ಬಸವಮ್ಮ ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗಲು ಬಿಡಲಿಲ್ಲ.

ಹೋದ ವರ್ಷ ಬಸವಮ್ಮನ ಬಲಗಣ್ಣಿನ ಕಾರ್ನಿಯಾ, ಎಂದರೆ ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪೊರೆಯನ್ನು ತೆಗೆದು, ದಾನವಾಗಿ ಬಂದದ್ದನ್ನು ಹೊಲಿದರು. ಡಾಕ್ಟರು ಸುಚಿತ್ರಾ ಅವರು, "ಇದು ಪುಡಿಯಿಂದ ಬಂದಿದ್ದಲ್ಲ ಬಸವಮ್ಮ, ವಂಶದಲ್ಲಿ ಇಳಿದು ಬರೋದು. ಮಕ್ಕಳಿಬ್ಬರನ್ನೂ ಕರ್ಕೊಂಡು ಬನ್ನಿ, ನೋಡ್ಬೇಕು" ಎಂದರು. ಬಸವಮ್ಮ ತಲೆಯಾಡಿಸಿದಳು, ನಂಬಲಿಲ್ಲ. ಡಾಕ್ಟರಮ್ಮ ಮಣೆಯ ಮುಂದೆ ಕೂತವರಲ್ಲವಲ್ಲ! ಅವಳ ಭಯವೆಲ್ಲ ಅಮರನ ಕಣ್ಣಿನದು. ಧರಣಿಯ ಕಣ್ಣು ನಿರ್ಮಲವಾಗಿರಲೇಬೇಕು. ಇಲ್ಲದಿದ್ದರೆ ಆ ಹನ್ನೊಂದು ವರ್ಷ ಏತಕ್ಕೆ?

ಕೊನೆಗೊಂದು ದಿನ ಮಕ್ಕಳಿಬ್ಬರನ್ನೂ ಆಸ್ಪತ್ರೆಗೆ ಕರೆಸಿದಳು. ಬೆಂಚಿನಲ್ಲಿ ಕೂತಿದ್ದ ಅಮರ್ ತಂಗಿಯನ್ನು ಕಂಡೊಡನೆ, "ಬಂಗ್ಲೆ ರಾಣಿ ಬಂದ್ಬುಟ್ರು, ಎಲ್ರೂ ಎದ್ದು ನಿಂತ್ಕಳಿ!" ಎಂದ.

"ಸುಮ್ನಿರೋ, ಮೊದ್ಲು ಉಗುರು ತೊಳ್ಕೊ" ಎಂದಳು ಧರಣಿ.

ಒಳಗೆ ಅಮರ್ ಯಂತ್ರದ ಮೇಲೆ ಗಲ್ಲವಿಟ್ಟ. ಡಾಕ್ಟರು ಸಣ್ಣ ಬೆಳಕು ಬಿಟ್ಟು ನೋಡಿ, "ಏನೂ ಇಲ್ಲ, ಚೆನ್ನಾಗಿದೆ" ಎಂದರು. ಬಳಿಕ ಧರಣಿ ಕುಳಿತಳು. ಅವಳನ್ನು ನೋಡುವುದು ಬೇಗ ಮುಗಿಯಲಿಲ್ಲ. ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು.

"ಎರಡರಲ್ಲೂ ಸಣ್ಣ ಬಿಳಿ ಚುಕ್ಕೆ ಇದಾವೆ. ರವೆ ಉದುರಿಸಿದ ಹಾಗೆ."

"ಅದೆಂಗಾದದು ಮೇಡಂ?" ಎಂದಳು ಬಸವಮ್ಮ. "ಇವ್ಳು ಪುಡಿ ಮುಟ್ಟೇ ಇಲ್ಲ. ತಾಕ್ಬಾರ್ದು ಅಂತ್ಲೇ ದೂರ ಇಟ್ಟಿದ್ದೆ. ಇನ್ನೊಂದ್ಸಲ ನೋಡಿ."

ಡಾಕ್ಟರು ಇನ್ನೊಂದು ಸಲ ನೋಡಿದರು. ಚುಕ್ಕೆಗಳು ಅಲ್ಲೇ ಇದ್ದವು. ಸದ್ಯಕ್ಕೆ ಚಿಕಿತ್ಸೆ ಬೇಕಿಲ್ಲ, ವರ್ಷಕ್ಕೊಮ್ಮೆ ತೋರಿಸಬೇಕು, ಮುಂದೆ ಮಕ್ಕಳಾದರೆ ಅವರನ್ನೂ ತೋರಿಸಬೇಕು ಎಂದು ನಿಧಾನವಾಗಿ ತಿಳಿಸಿದರು. ಬಸವಮ್ಮ ಅವರ ತುಟಿಗಳನ್ನೇ ನೋಡುತ್ತಿದ್ದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ.

ಹೊರಗೆ ಬಂದ ಮೇಲೆ ಅಮರ್ ಕೇಳಿದ: "ಅಂದ್ರೆ ನನ್ ಕಣ್ಣು ಹೋದ್ರೆ ಪರ್ವಾಗಿಲ್ಲ ಅಂತಾನೇನವ್ವ?" ನಗಲು ನೋಡಿದ, ನಗು ಹೊರಡಲಿಲ್ಲ. ಮಾತ್ರೆ ಅಂಗಡಿಯ ಕಡೆಗೆ ನಡೆದುಬಿಟ್ಟ.

ಬಸ್ ನಿಲ್ದಾಣದಲ್ಲಿ ತಾಯಿ ಮಗಳು ಇಬ್ಬರೇ ನಿಂತರು.

"ನಾನು ಹೆಣ್ಣು ಅಂತ ನೀನು ಕಳ್ಸ್ಬುಟ್ಟೆ ಅನ್ಕೊಂಡಿದ್ದೆ ಕಣವ್ವ," ಎಂದಳು ಧರಣಿ. "ಇಷ್ಟು ವರ್ಷಾನೂ."

"ಹೂಂ" ಎಂದಳು ಬಸವಮ್ಮ.

"ಹೇಳ್ಬೋದಿತ್ತು."

ಯಾದವಗಿರಿಯ ಬಸ್ಸು ಬಂದು ನಿಂತಿತು. ಹತ್ತು ಎನ್ನಲು ಬಸವಮ್ಮನಿಗೆ ಬಾಯಿ ಬರಲಿಲ್ಲ. ಬಾ ಮನೆಗೆ ಹೋಗೋಣ ಎನ್ನಲೂ ಬರಲಿಲ್ಲ. ಕಂಡಕ್ಟರು ಸೀಟಿ ಊದುವವರೆಗೂ ಧರಣಿ ತಾಯಿಯ ಮುಖವನ್ನೇ ನೋಡುತ್ತಿದ್ದು, ಆಮೇಲೆ ತಾನಾಗಿಯೇ ಹತ್ತಿದಳು.