ಹೊಗೆಸೊಪ್ಪು ಮುರಿದ ಕೈ

ಆವತ್ತು ರೇಷ್ಮೆ ಹುಳದ ಮನೆಯ ಬಾಗಿಲಲ್ಲಿ ನಾವು ನಾಲ್ವರಿದ್ದೆವು — ನಿಮ್ಮಪ್ಪ, ನಿಮ್ಮವ್ವ, ನಾನು, ಆಗಿನ್ನೂ ನಾಲ್ಕು ವರ್ಷದ ನೀನು. ನಾಲ್ವರಲ್ಲಿ ಸುಳ್ಳು ಹೇಳಿದವಳು ನಾನೊಬ್ಬಳೇ, ಚಿನ್ನೀ. ಏಟು ತಿಂದವಳು ನೀನು.

ನಿನಗೀಗ ಹದಿನೈದು. ನೆನಪಿದೆಯೋ ಇಲ್ಲವೋ — ಕೇಳುವ ಧೈರ್ಯ ನನಗೆ ಬಂದಿಲ್ಲ.

ರೇಷ್ಮೆ ಹುಳಕ್ಕೆ ಹೊಗೆಸೊಪ್ಪಿನ ಸೋಂಕೂ ಆಗದು, ಕೈ ತೊಳೆದೇ ಒಳಗೆ ಬರಬೇಕು ಎಂದು ನಿನಗೆ ಕಲಿಸಿದವಳು ನಾನೇ. ಹಿಂದಿನ ದಿನ ಮಧ್ಯಾಹ್ನ ಎಲೆಅಡಿಕೆ ಮೆಲ್ಲುತ್ತ, ಹೊಗೆಸೊಪ್ಪು ಮುರಿದ ಕೈಯಲ್ಲೇ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆ. ನೀನು ಸೊಂಟಕ್ಕೆ ಕೈಯಿಟ್ಟು ನಿಂತೆ.

“ನಂಗೆ ಮಾತ್ರ ಕೈ ತೊಳ್ಕೊ ಅಂತೀಯ. ನೀನ್ಯಾಕೆ ತೊಳ್ಕೊಳಲ್ಲ?”

“ದೊಡ್ಡೋರ ಕೈಗೆ ಏನೂ ಆಗಲ್ಲ ಕಣವ್ವ.”

“ನಿನ್ ಕೈಗಲ್ಲ ಅಜ್ಜಿ, ಹುಳಕ್ಕೆ!”

ನಕ್ಕುಬಿಟ್ಟೆ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳಗಳು — ಬೆಳಗಾಗುವಷ್ಟರಲ್ಲಿ ಹಸಿರು ಕಕ್ಕಿ, ತಟ್ಟೆ ತಟ್ಟೆಯೇ ಸತ್ತು ಬಿದ್ದಿದ್ದವು.

ನಿಮ್ಮಪ್ಪ ನಿಮ್ಮವ್ವನ ಮೇಲೆ ಎಗರಿದ. “ಔಷ್ದಿ ಹೊಡ್ದಿರೋ ತೋಟದ ಸೊಪ್ಪು ತಂದ್ಬುಟ್ಟಿದ್ದೀಯ ಕಣೇ!” ಅವಳು ಇಲ್ಲವೆಂದು ಅತ್ತಳು. ಅವನು ನನ್ನ ಮುಖ ನೋಡಿದ.

“ನಂಗೇನ್ ಗೊತ್ತಪ್ಪ, ಸೊಪ್ಪು ತಂದೋಳು ಅವ್ಳು” ಎಂದೆ.

“ಸುಳ್ಳು! ಅಜ್ಜೀನೇ ಕೈ ತೊಳ್ಕೊಂಡಿರ್ಲಿಲ್ಲ —”

ನಿನ್ನ ಮಾತು ಮುಗಿಯಲಿಲ್ಲ. ನನ್ನ ಅದೇ ಕೈ ನಿನ್ನ ಕೆನ್ನೆಗೆ ಬಿತ್ತು. “ದೊಡ್ಡೋರಿಗೇ ಎದುರುತ್ತರ ಕೊಡ್ತೀಯೇನೆ?” ಎಂದೆ. ನಿಮ್ಮಪ್ಪನೂ ಹೌದೆಂದ. ದಿನವಿಡೀ ವಾದ ಮಾಡುವ ಮಗುವಿನ ಮಾತು ಯಾರೂ ನಂಬುವುದಿಲ್ಲ — ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ...

ಇವತ್ತಿಗೂ ನಿಮ್ಮವ್ವ ಸೊಪ್ಪಿನ ಹೊರೆ ಇಳಿಸಿದರೆ ನಿಮ್ಮಪ್ಪ ಒಂದು ಹಿಡಿ ಎತ್ತಿ ಮೂಸಿ ನೋಡುತ್ತಾನೆ. ಅವಳು ತಲೆ ತಗ್ಗಿಸಿ ನಿಂತಿರುತ್ತಾಳೆ. ಹನ್ನೊಂದು ವರ್ಷದಿಂದ ನಾನು ಅದನ್ನು ನೋಡಿಕೊಂಡು ಸುಮ್ಮನಿದ್ದೇನೆ. ನಾಳೆ ಅವನು ಮೂಸುವ ಮೊದಲೇ ಇಬ್ಬರೆದುರೂ ಹೇಳಿಬಿಡುತ್ತೇನೆ — ಮೊದಲು ನಿನಗೆ ಹೇಳಬೇಕಿತ್ತು, ಅಷ್ಟೆ.

ಆ ಏಟು ಬಿದ್ದ ಮೇಲೆ ಹುಳದ ಮನೆ ತೊಳೆದು, ಸುಣ್ಣ ಬಳಿದು, ಮುಂದಿನ ಬೆಳೆಗೆ ಮರಿಹುಳ ತಂದೆವು. ಒಂದು ದಿನ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ಕೈ ತೊಳೆಯದೇ ಒಳಗೆ ಹೊರಟಿದ್ದೆ. ನೀನು ಹೊಸಿಲ ಮೇಲೆ ಕೂತಿದ್ದೆ. ನನ್ನ ಕೈ ನೋಡಿದೆ. ಈ ಸಲ ಸೊಂಟಕ್ಕೆ ಕೈಯಿಟ್ಟು ವಾದ ಮಾಡಲಿಲ್ಲ. ಎದ್ದು ಹೋಗಿ, ಎರಡೂ ಕೈಯಲ್ಲಿ ಹಿಡಿದು, ಒಂದು ಚೊಂಬು ನೀರು ತಂದು ನನ್ನ ಕಾಲ ಹತ್ತಿರ ಇಟ್ಟು ಹೊರಟುಹೋದೆ.